ಹತ್ತು ಸೆಕೆಂಡಿನ ಸೋಬಾನ ಪದ

ನವೆಂಬರ್ ೪, ಮಂಗಳವಾರ

ಬರೀಬೇಕಂತ. ಅರವತ್ತೊಂಬತ್ತು ವರ್ಷದ ಮುದುಕಿ ಕೈಯಾಗ ವಹಿ, ಪೆನ್ನು ಕೊಟ್ಟು ಕೂಡಿಸ್ಯಾರ. ನಾಲ್ಕನೇ ಇಯತ್ತೆ ಮುಗಿಯೂಕಿಂತ ಮೊದಲ ನಮ್ಮಪ್ಪ ಸಾಲಿ ಬಿಡಿಸಿ ಎಮ್ಮಿ ಹಿಂದ ಕಳಿಸಿದ. ಆವಾಗ ಬರೀ ಅಂತ ಒಬ್ಬರೂ ಅನ್ನಲಿಲ್ಲ. ಈಗ ಈ ಮರಾಠಿ ಊರಾಗ ಶಿವಾಜಿನಗರದ ದವಾಖಾನಿ ಹುಡುಗಿ ಶರ್ವರಿ, ನನ್ನ ಮೊಮ್ಮಗಳ ವಯಸ್ಸಿನಕಿ, ಹೇಳತಾಳ: ಆಜಿ, ಹದಿನೈದು ದಿವಸ ಒಂದು ಸೊಲ್ಲು ಆಡಬಾರದು. ಪಿಸುಮಾತು ಇನ್ನೂ ಕೆಟ್ಟದ್ದು. ಗುಣುಗುಣು ಅನ್ನೂದೂ ಬ್ಯಾಡ. ಯಾರನ್ನರ ಬೈಬೇಕನಿಸಿದ್ರ ವಹ್ಯಾಗ ಬೈರಿ, ನನಗ ಕನ್ನಡ ಓದಾಕ ಬರೂದಿಲ್ಲ, ಹೆದರಬ್ಯಾಡ್ರಿ ಅಂತ.

ಹೆದರಾಕ ನಾ ಏನ ಕದ್ದೀನಿ.

ನಿನ್ನಿ ಗಂಟಲಾಗಿನ ಗಂಟು ತಗದಾರ. ಹಾಡಿ ಹಾಡಿ ಆಗಿದ್ದೋ ಒದರಿ ಒದರಿ ಆಗಿದ್ದೋ ಅಂದ್ರ ಡಾಕ್ಟರ ಎರಡೂ ಅಂತಾನ. ನಮ್ಮನಿಯವರಿಗೆ ಕಿವಿ ಕೇಳೂದಿಲ್ಲ. ಮೂವತ್ತು ವರ್ಷದಿಂದ ಚಹಾ ಆಗೇದ ಅನ್ನೂದನ್ನ ಸುದ್ದಾ ಓಣಿಗೆಲ್ಲ ಕೇಳೂಹಂಗ ಹೇಳಬೇಕು. ಕಿವಿ ಮಷೀನ ತಂದುಕೊಟ್ಟರ ಕಪಾಟಿನ್ಯಾಗ ಇಟ್ಟಾರ. ಇವತ್ತ ಪಾಟಿ ಮ್ಯಾಲ "ಹಾಲು ನೋಡ್ರಿ" ಅಂತ ಬರದು ತೋರಿಸಿದೆ. ಚಷ್ಮಾ ಹುಡುಕಿ ಹಾಕ್ಕೊಂಡು ಓದೂದ್ರಾಗ ಹಾಲು ಉಕ್ಕಿ ನೆಲಕ್ಕ ಬಂತು. ಆಮ್ಯಾಲ ಅವರೇ ನಕ್ಕರು. ನನಗ ಬೈಯಾಕ ಬಾಯಿಲ್ಲ.

ಸಾಕು. ಕೈ ನೋಯತದ.

ನವೆಂಬರ್ ೬, ಗುರುವಾರ

ಹಾಡಿನ ಮಷೀನ ಕೆಟ್ಟದ.

ಕಡ್ಡಿಪೆಟ್ಟಿಗಿಯಷ್ಟ ಇರೂ ಮಷೀನ ಅದು. ಮಗ ಮಾಂತು ತನ್ನ ಲಗ್ನದ ಹಿಂದಿನ ವರ್ಷ ತಂದುಕೊಟ್ಟಿದ್ದ. ಒಂದು ಗುಂಡಿ ಒತ್ತಿದ್ರ ನಾವು ಹಾಡಿದ್ದನ್ನ ಹಿಡಕೊಳ್ಳತದ, ಇನ್ನೊಂದು ಒತ್ತಿದ್ರ ತಿರುಗಿ ಹಾಡತದ. ಅದರಾಗ ಎಂಬತ್ತಾರು ಸೋಬಾನ ಪದ ಅವ. ಅರಿಶಿಣ ಹಚ್ಚೂವಾಗಿನವು, ಸುರಗಿ ಸುತ್ತೂವಾಗಿನವು, ಬೀಗರನ್ನ ಆಡಿಕೊಳ್ಳೂವು, ಹೆಣ್ಣು ಒಪ್ಪಿಸೂವು. ಮಾಂತು ಚಾಕಣಕ್ಕ ಫ್ಯಾಕ್ಟರಿ ಪಾಳಿಗೆ ಹೋದ ಮ್ಯಾಲ, ಸೊಸಿ ಪ್ರಾಚಿ ಖರಾಡಿಗೆ ಆಫೀಸಿಗೆ ಹೋದ ಮ್ಯಾಲ, ಅಡಗಿ ಮನ್ಯಾಗ ಒಬ್ಬಾಕಿನ ಕುಂತು ಹಾಡಿ ತುಂಬಿದ್ದು. ನಡುನಡುವ ಕುಕ್ಕರ ಸೀಟಿ ಹೊಡದದ್ದೂ ಅದ. ನಾಕೈದು ಪದ ಲಗ್ನದ ಮಂಟಪದಾಗ ಹಾಡಿದ್ದೂ ಅದರಾಗ ಅವ.

ಈಗ ಏನಾಗೇದಂದ್ರ, ಒಂದೊಂದು ಪದ ಹತ್ತು ಸೆಕೆಂಡ ಹಾಡತದ, ಮುಂದಿನದಕ್ಕ ಜಿಗೀತದ. ಹತ್ತು ಸೆಕೆಂಡ, ಜಿಗಿ. ಹತ್ತು ಸೆಕೆಂಡ, ಜಿಗಿ. ಒಂದು ಸಾಲು ಮುಗಿಯೂದ್ರಾಗ ಬಾಯಿ ಮುಚ್ಚತದ. ನನ್ನಂಗ.

ಈ ಪದ ನಾ ಎಲ್ಲೂ ಬರದಿಟ್ಟಿಲ್ಲ. ಕಲಿಸಿದಾಕಿ ನಮ್ಮ ದೊಡ್ಡವ್ವ. ಆಕಿ ಆಣಿ ಹಾಕಿಸಿದ್ಲು, ಪದ ವಹ್ಯಾಗ ಹಾಕಬ್ಯಾಡ, ವಹಿ ನೋಡಿ ಹಾಡೂ ಹೆಣಮಗಳ ಬಾಯಿ ಒಣಗತದ ಅಂತ. ಮಷೀನದಾಗ ಹಾಕಬ್ಯಾಡ ಅಂತ ಆಕಿ ಹೇಳಿರಲಿಲ್ಲ. ಆಕಿ ಕಾಲಕ್ಕ ಮಷೀನ ಎಲ್ಲಿತ್ತು.

ಡಿಸೆಂಬರ್ ಐದಕ್ಕ ನೀರಜಾನ ಲಗ್ನ. ಮೈದುನನ ಮಗಳು. ಹತ್ತು ವರ್ಷ ನಮ್ಮನ್ಯಾಗ ಉಂಡು ಸಾಲಿಗೆ ಹೋದ ಹುಡುಗಿ. ದೊಡ್ಡಮ್ಮ, ನನಗ ಬ್ಯಾರೆ ಏನೂ ಬ್ಯಾಡ, ನೀ ಮುಂದ ನಿಂತು ಪದ ಹಾಡಬೇಕು ಅಂದಾಳ. ಗಂಟಲಾ ನೆಟ್ಟಗ ಆಗದಿದ್ರ ಮಷೀನರ ಮೈಕಿಗೆ ಹಚ್ಚೂಣು ಅಂತ ಇದ್ದೆ. ಈಗ ಅದೂ ಇಲ್ಲ. ಅಕಿ ಅವ್ವ ಶೈಲಾ ಆಗಲೇ ಡಿಜೆದವನ ಜೋಡಿ ಮಾತಾಡ್ಯಾಳಂತ. ಅಕಿಗೆ ಅವಸರ ಭಾಳ.

ನವೆಂಬರ್ ೯, ರವಿವಾರ

ಪ್ರಾಚಿಗೆ ರಜಾ ಇತ್ತು, ಕರಕೊಂಡು ಹೋದ್ಲು. ಶಿವಾಜಿನಗರ ಬಸ್ ಸ್ಟ್ಯಾಂಡ ಹಿಂದ ಒಂದು ಓಣ್ಯಾಗ ಹುಸೇನಪ್ಪನ ರಿಪೇರಿ ಅಂಗಡಿ. ನಮ್ಮ ವಿಜಾಪುರದ ಕಡೆಯಾಂವ. ಎಲ್ಲಾ ಪ್ರಾಚಿಯೇ ಹೇಳಿದ್ಲು, ನಾ ಪಾಟಿ ಹಿಡಕೊಂಡು ಗೊಂಬಿಹಂಗ ನಿಂತಿದ್ದೆ.

"ಮಾತಾಡದ ಗಿರಾಕಿ ನಾ ಇವತ್ತ ನೋಡಿದೆ ಯವ್ವಾ," ಅಂದ ಅಂವ. "ದಿನಾ ಬರ್ರಿ."

ಮಷೀನ ಬಿಚ್ಚಿ ನೋಡಿದ, ಕಂಪ್ಯೂಟರಿಗೆ ಹಚ್ಚಿ ನೋಡಿದ. ಕಂಪ್ಯೂಟರಿಗೆ ಇದು ಕಾಣವಲ್ಲದು. ಒಳಗ ಯಾವ ಹಾಡು ಎಲ್ಲಿ ಅದ ಅನ್ನೂ ಯಾದಿ ಕೆಟ್ಟದಂತ, ದಿನದಿನಕ್ಕ ಇನ್ನೂ ಕೆಡತದಂತ. ಒಂದೇ ದಾರಿ. ಫ್ಯಾಕ್ಟರಿ ರೀಸೆಟ್. ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗ ಆಗತದ, ಹೊಸದರಂಗ ಓಡತದ, ಆದ್ರ ಒಳಗಿಂದು ಒಂದೂ ಉಳಿಯೂದಿಲ್ಲ.

ನಾ ಪಾಟಿ ಮ್ಯಾಲ "ಬ್ಯಾಡ" ಅಂತ ಬರದು ಕೆಳಗ ಎರಡು ಗೆರಿ ಹೊಡದೆ.

ಬ್ಯಾಡಂದ್ರ ಬ್ಯಾಡ್ರಿ ಅಂದ. ಆದ್ರ ಭಾಳ ದಿನ ಇಟ್ಟರ ರೀಸೆಟ್ ಸುದ್ದಾ ತಗೊಳ್ಳೂದಿಲ್ಲ, ಆವಾಗ ಇದು ಬರೇ ಡಬ್ಬಿ ಅಂದ. ಹೊಸದು ತಗೋರಿ ಅಂತ ನಾಕು ತೋರಿಸಿದ. ಹೊಸದರ ಗುಂಡಿ ಯಾರಿಗೆ ಬೇಕು. ಇದರ ಗುಂಡಿ ನನ್ನ ಬೆರಳಿಗೆ ಗೊತ್ತವ, ನೋಡೂದೂ ಬೇಕಾಗಿಲ್ಲ.

ಬಸ್ಸಿನ್ಯಾಗ ಪ್ರಾಚಿ ಅಂದ್ಲು, ಅತ್ತಿ, ಮೊದಲನೇ ಸಾಲು ಅದು ಹಾಡತದಲ್ಲ, ಅದನ್ನ ಕೇಳಿ ಮುಂದಿನದು ನೆನಪು ಮಾಡಿ ಬರೀರಿ, ಆಮ್ಯಾಲ ರೀಸೆಟ್ ಮಾಡೂಣು. ಏಳು ವರ್ಷದಾಗ ಈ ಮರಾಠಿ ಹುಡುಗಿ ಕನ್ನಡ ಮಾತಾಡೂದು ಕಲತಾಳ, ಒಂದು ಅಕ್ಷರ ಓದಾಕ ಬರೂದಿಲ್ಲ. ನನಗ ಬರೀ ಅಂತಾಳ. ಕಿಡಕಿ ಕಡೆ ಮಾರಿ ತಿರಿವಿದೆ.

ನವೆಂಬರ್ ೧೦, ಸೋಮವಾರ

ಬರಿಯೂದಿಲ್ಲ.

ನವೆಂಬರ್ ೧೧, ಮಂಗಳವಾರ

ಮುಂಜಾನೆ ಮಷೀನ ಹಚ್ಚಿ ಎಣಿಸಿದೆ. ಎಪ್ಪತ್ತೊಂಬತ್ತು. ಏಳು ಪದ ಸುಳಿವಿಲ್ಲ. ಯಾವ ಏಳು ಅಂತ ನೆನಪು ಮಾಡಕೊಂಡ್ರ ಐದು ಸಿಕ್ಕವು, ಎರಡು ಸಿಗಲೇ ಇಲ್ಲ. ಮೊದಲನೇ ಸಾಲೂ ಇಲ್ಲ, ಧಾಟಿನೂ ಇಲ್ಲ. ಎಲ್ಲೋ ಹಾದಿ ಮ್ಯಾಲ ಬಿದ್ದಂಗ.

ದೊಡ್ಡವ್ವ ಏನರ ಅನ್ನಲಿ. ಆಕಿ ಇದ್ದಿದ್ರ ಬರಿಯೂ ಹೊತ್ತು ಬರತಿರಲಿಲ್ಲ.

ಒಂದು ಪದ ಬರಿಯಾಕ ಮುಂಜಾನೆಲ್ಲಾ ಹೋತು. ನಡುವಿನ ನುಡಿ ಬರಲೇ ಇಲ್ಲ. ತೆಲಿ ಕೆರಕೊಂಡೆ, ಬಾಲ್ಕನ್ಯಾಗ ತಿರಗಾಡಿದೆ. ಸಾಯಲಿ ಅಂತ ಎದ್ದು ರೊಟ್ಟಿ ಬಡಿಯಾಕ ಕುಂತೆ. ಮೂರನೇ ರೊಟ್ಟಿಗೆ ನುಡಿ ತಾನ ಬಂತು, ಕೈ ಬಡದಂಗ ಬಂತು. ಹಿಟ್ಟಿನ ಕೈಲೇ ಬರದೆ. ಹಾಳಿ ತುಂಬ ಜೋಳದ ಹಿಟ್ಟು. ಇನ್ನ ಮ್ಯಾಲ ವಹಿ ಅಡಗಿ ಮನ್ಯಾಗ ಇರಲಿ.

ನಮ್ಮನಿಯವರು ಇವತ್ತ ಆರು ರೊಟ್ಟಿ ಉಂಡು, ಇಷ್ಟ ಯಾಕ ಮಾಡಿದಿ ಅಂದ್ರು.

ನವೆಂಬರ್ ೧೩, ಗುರುವಾರ

ಹದಿನೇಳು ಪದ ಆದವು. ಅಕ್ಷರ ಮೊದಲ ದಿವಸ ಇರಿವಿ ಸತ್ತಂಗ ಇದ್ದವು, ಈಗ ಸಾಲಿನ್ಯಾಗ ನಿಂದರತಾವ.

ಪ್ರಾಚಿ ಖರಾಡಿಯಿಂದ ಬಂದಾಕಿ ಬ್ಯಾಗ ಇಟ್ಟು, ಮಾರಿ ತೊಳಕೊಂಡು ಅಡಗಿ ಮನ್ಯಾಗ ಕೂಡತಾಳ. ನಾ ಬರದದ್ದು ಅಕಿಗೆ ಓದಾಕ ಬರೂದಿಲ್ಲ. ಅದಕ್ಕ ಬಲಗಡೆ ಹಾಳಿ ಮ್ಯಾಲ ಅದನ್ನ ಮರಾಠಿ ಅಕ್ಷರದಾಗ ಇನ್ನೊಮ್ಮೆ ಬರೀತೀನಿ. ಬಸ್ಸಿನ ಬೋರ್ಡು ಓದಿ ಓದಿ ಬಂದ ಮರಾಠಿ ನಂದು. ಅಕಿ ಮಷೀನದಾಗ ಹತ್ತು ಸೆಕೆಂಡ ಧಾಟಿ ಕೇಳಿ, ಹಾಳಿ ನೋಡಿ ಉಳಿದದ್ದು ಹಾಡತಾಳ. ನಾ ಚಮಚಾದ್ಲೆ ತಾಟು ಬಡೀತೀನಿ. ಒಮ್ಮೆ ಬಡದ್ರ ಸರಿ, ಎರಡು ಬಡದ್ರ ತಪ್ಪು. ಇವತ್ತ ತಾಟು ನೆಗ್ಗಿತು.

ಅಕಿ ದನಿ ತೆಳ್ಳಗ ಅದ. ಎಳದು ಹಾಡೂ ಕಡೆ ಉಸಿರು ಸಾಲೂದಿಲ್ಲ. ಆದ್ರ ಧಾಟಿ ತಪ್ಪೂದಿಲ್ಲ. ಮಾಂತು ಬಾಗಿಲದಾಗ ನಿಂತು, ಅವ್ವಾ, ನೀ ಬಾಯಿಲ್ಲದಾಗೂ ಬೈತಿಯಲ್ಲ ಅಂದ. ಎರಡು ಬಡದೆ.

ಬೀಗರ ಪದ ಬರಿಯಾಕ ಹತ್ತೀನಿ. ಇವು ಜೋಡಿ ಜೋಡಿ. ಒಂದು ಕಡೆಯವರು ಆಡಿಕೊಂಡು ಹಾಡತಾರ, ಇನ್ನೊಂದು ಕಡೆಯವರು ಅಲ್ಲೇ ನಿಂತು ಉತ್ತರ ಹಾಡತಾರ. ನನ್ನ ಲಗ್ನದಾಗ ನಮ್ಮಪ್ಪನ ಮೆಳ್ಳಗಣ್ಣಿನ ಮ್ಯಾಲ ಹಾಡಿದ್ರು, ನಮ್ಮವರು ಇವರ ಮನಿ ಕಿವುಡರ ಮ್ಯಾಲ ಹಾಡಿದ್ರು. ಇವರ ಅಪ್ಪನೂ ಕಿವುಡ, ಅಜ್ಜನೂ ಕಿವುಡ. ಎರಡೂ ಕಡೆ ನಕ್ಕು ಉಂಡು ಎದ್ದರು. ಅದನ್ನೆಲ್ಲ ಪ್ರಾಚಿಗೆ ಪಾಟಿ ಮ್ಯಾಲ ಮರಾಠಿ ಅಕ್ಷರದಾಗ ಬರದು ಹೇಳೂದ್ರಾಗ ನಾಕು ಸಲ ಒರಸಿದೆ.

ನವೆಂಬರ್ ೧೫, ಶನಿವಾರ

ಇದನ್ನ ಬರೀಬೇಕೋ ಬ್ಯಾಡೋ.

ಅರವತ್ತೊಂದನೇ ನಂಬರ ಬಂತು. ಹಿಂದ ಲಗ್ನದ ಮಂದಿ ಗದ್ದಲ, ನಡುವ ನನ್ನ ದನಿ. ಏಳು ವರ್ಷದ ಹಿಂದಿನ ದನಿ, ಗಂಟಿ ಹೊಡದಂಗ. "ಬಂದಾಳ ನೋಡ ಬೀಗಿತ್ತಿ, ಬೀದಿ ತುಂಬ ಸೀರಿ ಸೆರಗ." ಅಷ್ಟಕ್ಕ ಜಿಗೀತು.

ಮಾಂತು ಪ್ರಾಚಿ ಲಗ್ನದಾಗ ನಾ ಹಾಡಿದ್ದು. ಬೀಗಿತ್ತಿ ಅಂದ್ರ ಪ್ರಾಚಿ ಅವ್ವ, ಸಾವಿತ್ರಿಬಾಯಿ. ನಾ ಲಗುನ ಮುಂದಿನ ಗುಂಡಿಗೆ ಬಟ್ಟು ಇಟ್ಟೆ. ಪ್ರಾಚಿ ನನ್ನ ಕೈ ಸರಿಸಿದ್ಲು. ಹಾಳಿ ಮ್ಯಾಲ ಏನೂ ಇಲ್ಲ. ಹಾಳಿ ನೋಡದ ಎರಡನೇ ಸಾಲು ಹಾಡಿದ್ಲು.

"ಸೀರಿ ಯಾರದ ಕೇಳಬ್ಯಾಡ್ರಿ, ಸಂಜೀಕ ಕೊಡಬೇಕ ತಿರಗ."

ಧಾಟಿ ಒಂದಿಷ್ಟೂ ತಪ್ಪಲಿಲ್ಲ. ನನ್ನ ಕೈಯಾಗ ಚಮಚಾ ಇತ್ತು. ಬಡೀಲಿಲ್ಲ.

ಲಗ್ನ ಆಗಿ ಎರಡನೇ ವರ್ಷ, ಕನ್ನಡ ತಿಳಿಯಾಕ ಹತ್ತಿದಾಗ, ಮಷೀನ ಚಾರ್ಜಿಗೆ ಹಚ್ಚೂವಾಗ ಕೇಳಿದ್ಲಂತ. ಐದು ವರ್ಷ ಆತು. ಒಂದು ದಿವಸ ಬಾಯಿ ಬಿಟ್ಟಿಲ್ಲ.

"ಆ ಪೈಠಣಿ ಸೀರಿ ನಮ್ಮ ಮಾವಶಿದು, ಅವ್ವನ ತಂಗಿದು," ಅಂದ್ಲು. "ಸಂಜೀಕ ಅಲ್ಲ ಅತ್ತಿ. ಮರುದಿವಸ ಕೊಟ್ಟಿವಿ."

ಸಿಟ್ಟಿಲ್ಲ, ಅಳು ಇಲ್ಲ. ಅಂಗಡ್ಯಾಗ ತಪ್ಪು ತೂಕ ತಿದ್ದಿದಂಗ ಹೇಳಿದ್ಲು.

ಸೀರಿ ಕಡಾ ತಂದದ್ದು ನನಗ ಅವತ್ತ ಮುಂಜಾನೆ ಶೈಲಾ ಕಿವ್ಯಾಗ ಹೇಳಿದ್ಲು. ನಾ ಮಧ್ಯಾಹ್ನ ಪದಾ ಕಟ್ಟಿದೆ. ಗಂಡ ಇಲ್ಲದಾಕಿ, ಮಂದಿಗೆ ಡಬ್ಬಿ ಊಟ ಕಟ್ಟಿ ಮಗಳನ್ನ ಓದಿಸ್ಯಾಳ ಅನ್ನೂದು ಗೊತ್ತಿತ್ತು. ಮರಾಠಿ ಮಂದಿ, ಕನ್ನಡ ಎಲ್ಲಿ ತಿಳೀತದ ಅಂತ ಕಟ್ಟಿದೆ. ತಿಳೀಲಿಲ್ಲ ಖರೆ. ಸಾವಿತ್ರಿಬಾಯಿ ಎಲ್ಲಾರಕಿಂತ ಮುಂದ ನಿಂತು ಚಪ್ಪಾಳಿ ಹೊಡದ್ಲು. ಕಡೀಕ ಹತ್ತು ರೂಪಾಯಿ ನೋಟು ನನ್ನ ತೆಲಿ ಸುತ್ತ ಇಳಿಸಿ ನನ್ನ ಕೈಯಾಗ ಇಟ್ಟಳು, ದೃಷ್ಟಿ ಆಗಬಾರದು ಅಂತ. ನಮ್ಮ ಹೆಣಮಕ್ಕಳು ನಕ್ಕು ನಕ್ಕು ಬಿದ್ದರು.

ಈಗೂ ಆಯಿ, ಅಂದ್ರ ಸಾವಿತ್ರಿಬಾಯಿ, ಕೇಳತಿರತಾಳಂತ ಪ್ರಾಚಿಗೆ, ನಿನ್ನ ಅತ್ತಿ ಅವತ್ತ ನನ್ನ ಮ್ಯಾಲ ಎಷ್ಟು ಛಲೋ ಹಾಡಿದ್ರು, ಇನ್ನೊಮ್ಮೆ ಕೇಳಬೇಕು ಅಂತ.

ಲಗ್ನದಾಗ ಬೀಗರನ್ನ ಆಡಿಕೊಳ್ಳೂದು ಪದ್ಧತಿ ಅದ. ನಾ ಮಾಡಿದ್ದು ಪದ್ಧತಿ.

ನವೆಂಬರ್ ೧೬, ರವಿವಾರ

ಏನೂ ಬರೀಲಿಲ್ಲ. ರೊಟ್ಟಿ ಎಲ್ಲಾ ದಪ್ಪ ಆದವು.

ನವೆಂಬರ್ ೧೮, ಮಂಗಳವಾರ

ದವಾಖಾನಿಗೆ ಹೋಗಿದ್ದೆ, ಪ್ರಾಚಿ ಅರ್ಧ ದಿವಸ ರಜಾ ತಗೊಂಡಿದ್ಲು. ಮೂಗಿನ್ಯಾಗ ನಳಿಗಿ ಹಾಕಿ ನೋಡಿದ್ರು. ಗಾಯ ಮಾಯ್ದದಂತ. ದಿನಕ್ಕ ಹತ್ತು ನಿಮಿಷ ಮಾತಾಡಬಹುದು, ಮೆಲ್ಲಕ. ಹಾಡೂದು ಆರು ತಿಂಗಳ ತನಕ ಹೆಸರು ಎತ್ತಬ್ಯಾಡ್ರಿ ಅಂದ ಡಾಕ್ಟರ. ಆಮ್ಯಾಲೂ ಮೇಲಿನ ದನಿ ಬರತದಂತ ನಾ ಮಾತು ಕೊಡೂದಿಲ್ಲ ಅಂದ. ಶರ್ವರಿ ನನ್ನ ಕೈ ಹಿಡಕೊಂಡ್ಲು. ಯಾಕ ಹಿಡದ್ಲೋ, ನಾ ಏನ ಬೀಳತಿದ್ದೆನ. ಮನಿಗೆ ಹೋಗಿ ಮೊದಲನೇ ಮಾತು ಯಾರಿಗೆ ಬೈತೀರಿ ಆಜಿ ಅಂತ ಕೇಳಿದ್ಲು. ಹಾಲು ಉಕ್ಕಿಸಿದವರಿಗೆ ಅಂತ ಪಾಟಿ ಮ್ಯಾಲ ಮರಾಠ್ಯಾಗ ಬರದೆ.

ರಿಕ್ಷಾದಾಗ ಸಂಗಮ ಬ್ರಿಜ್ ಮ್ಯಾಲ ಗಾಡಿ ನಿಂತವು. ಹದಿನೈದು ದಿವಸದ ಮ್ಯಾಲ ಬಾಯಿ ತೆರದೆ. ಒಡದ ಗಡಿಗಿಹಂಗ ಬಂತು ದನಿ.

"ಸೀರಿ ಭಾಳ ಛಂದಿತ್ತು," ಅಂದೆ.

ಪ್ರಾಚಿ ದವಾಖಾನಿ ಚೀಟಿ ಬ್ಯಾಗಿನ್ಯಾಗ ಇಟ್ಟಳು. "ಹೌದ್ರಿ," ಅಂದ್ಲು.

ಉಳಿದ ಒಂಬತ್ತು ನಿಮಿಷ ಇವತ್ತ ಹಂಗ ಉಳದವು.

ನವೆಂಬರ್ ೨೦, ಗುರುವಾರ

ಮಷೀನ ಈಗ ನಾಲ್ವತ್ತು ಹಾಡತದ. ಇರಲಿ, ನಾ ಬರದದ್ದು ಎಂಬತ್ತಮೂರು. ಆ ಎರಡು ಹೋದಂಗೇ. ಇನ್ನೊಂದು ಬಿಟ್ಟೀನಿ.

ಶೈಲಾ ಫೋನ ಮಾಡಿದ್ಲು. ದೊಡ್ಡ ಅಕ್ಕಾಗ ಹಾಡಾಕ ಆಗೂದಿಲ್ಲಲ್ಲ, ಡಿಜೆದವಗ ಪಕ್ಕಾ ಹೇಳಿಬಿಡತೀನಿ ಅಂದ್ಲು. ಪ್ರಾಚಿ ಮುಂದ ನಿಂದರತಾಳ ಅಂದೆ. ಮರಾಠಿ ಹುಡುಗಿ ಸೋಬಾನ ಹಾಡಿದ್ರ ಬೀಗರು ಏನಂದಾರು ಅಂದ್ಲು. ಹತ್ತು ನಿಮಿಷದಾಗ ನಾಕು ಅಕಿ ಮ್ಯಾಲ ಖರ್ಚು ಮಾಡಿದೆ. ಸೀರಿ ಸುದ್ದಿ ಕಿವ್ಯಾಗ ಹೇಳಿದ್ದು ಯಾರು ಅಂತನೂ ಕೇಳಿದೆ. ಮೂವತ್ತನೇ ತಾರೀಖಿನ ತನಕ ಡಿಜೆದವನ್ನ ತಡೀತೀನಿ ಅಂದ್ಲು, ಅದರಾಚೆ ಆಗೂದಿಲ್ಲಂತ.

ಆದ್ರ ಪ್ರಾಚಿ ಇನ್ನೂ ಹೂಂ ಅಂದಿಲ್ಲ. ನಾ ಅಕಿನ್ನ ಕೇಳದ ಶೈಲಾಗ ಹೇಳಿದ್ದೆ.

ಸಂಜೀಕ ಪ್ರಾಚಿ ವಹಿ ತಿರಿವಿ ಹಾಕತಿದ್ಲು. ಬೀಗರ ಪದ ಎಲ್ಲಾ ಜೋಡಿ ಅವ, ಅರವತ್ತೊಂದು ಎಲ್ಲದ ಅಂದ್ಲು. ನಿಮಿಷ ಮುಗದಿದ್ದವು, ಪಾಟಿ ಮ್ಯಾಲ ಬರದೆ, ಅದು ಬ್ಯಾಡ, ರೀಸೆಟ್ಟಿನ್ಯಾಗ ಹೋಗಲಿ.

"ಅದು ಹೋಗಲಿ ಅಂತ ರೀಸೆಟ್ ಮಾಡಬ್ಯಾಡ್ರಿ ಅತ್ತಿ," ಅಂದ್ಲು. "ಅದನ್ನೂ ಬರೀರಿ. ಬರೀದಿದ್ರ ನಮ್ಮ ಕಡೆಯವರು ಉತ್ತರ ಯಾವುದಕ್ಕ ಕೊಡೂದು?"

ನೀರಜಾನ ಲಗ್ನದಾಗ ಹಾಡತಿಯೋ ಇಲ್ಲೋ ಅಂತ ಬರದೆ. ಮೊದಲ ಆಯಿಗೆ ಗೊತ್ತಾಗಬೇಕು, ಆಕಿ ಏನಂತಾಳ ನೋಡಿ ಹೇಳತೀನಿ ಅಂದ್ಲು. ಹಂಗಾರ ನೀನ ಹೇಳು, ನಿನ್ನ ಅವ್ವ ಅಂತ ಬರದೆ.

ಅಕಿ ಪಾಟಿ ಓದಿ ನನ್ನ ಕೈಗೆ ತಿರುಗಿ ಕೊಟ್ಟಳು.

"ಹಾಡಿದಾಕಿ ನೀವು. ನೀವೇ ಹೇಳ್ರಿ."

ನವೆಂಬರ್ ೨೨, ಶನಿವಾರ

ಮುಂಜಾನೆ ಅರವತ್ತೊಂದು ಬರದೆ, ಎರಡೂ ಅಕ್ಷರದಾಗ. ಪೂರಾ ನಾಕು ನುಡಿ. ಮೂರನೇ ನುಡಿ ಡಬ್ಬಿ ಊಟದ ಮ್ಯಾಲ ಇತ್ತು. ಅದು ಇದ್ದದ್ದ ಮರತಿದ್ದೆ. ರೊಟ್ಟಿ ಬಡಿಯೂದೇನೂ ಬೇಕಾಗಲಿಲ್ಲ, ಎಲ್ಲಾ ಒಮ್ಮೆಲೆ ಬಂತು. ಎದುರಿನ ಹಾಳಿ ಖಾಲಿ ಬಿಟ್ಟೀನಿ.

ಆಮ್ಯಾಲ ರೀಸೆಟ್. ಪ್ರಾಚಿ ನಾ ಮಾಡಲೇನು ಅಂದ್ಲು, ಬ್ಯಾಡಂದೆ. ಎರಡು ಗುಂಡಿ ಕೂಡಿಸಿ ಹಿಡದೆ, ಹತ್ತು ಎಣಿಸಿದೆ. ಇಂಗ್ಲಿಷಿನ್ಯಾಗ ಏನೋ ಬಂತು. ಎಲ್ಲಾ ಅಳಿಸಲೇನು ಅಂತ ಕೇಳತದ ಅತ್ತಿ ಅಂದ್ಲು. ಹೌದು ಒತ್ತಿದೆ. ಖರೇನ ಅಳಿಸಲೇನು ಅಂತ ಇನ್ನೊಮ್ಮೆ ಕೇಳಿತು. ಎಷ್ಟು ಸಲ ಹೇಳಬೇಕು ಇದಕ್ಕ. ಒತ್ತಿದೆ.

ಪರದೆ ಕಪ್ಪಾತು. ಸತ್ತಿತೇನ ಅಂತ ನಮ್ಮನಿಯವರು ಕೇಳಿದ್ರು. ಆಮ್ಯಾಲ ಕಂಪನಿ ಹೆಸರು ಬಂತು, ಯಾವ ಭಾಷೆ ಬೇಕು ಅಂತ ಕೇಳಿತು. ಕನ್ನಡ ಇರಲಿಲ್ಲ, ಮರಾಠಿನೂ ಇರಲಿಲ್ಲ. ಹಾಡು ಎಷ್ಟು ಅನ್ನೂ ಕಡೆ ಸೊನ್ನಿ.

ಎದ್ದು ಚಹಾಕ್ಕ ಇಟ್ಟೆ. ಪ್ರಾಚಿ ವಹಿ ಹಿಡಕೊಂಡು ಅರಿಶಿಣದ ಪದ ಹಾಡಕೋತ ಭಾಂಡಿ ತೊಳದ್ಲು. ನಾಕನೇ ನುಡ್ಯಾಗ ಒಂದು ಕಡೆ ತಪ್ಪಿದ್ಲು. ತಾಟು ದೂರ ಇತ್ತು, ಬಿಟ್ಟೆ.

ನವೆಂಬರ್ ೨೩, ರವಿವಾರ

ಸಾವಿತ್ರಿಬಾಯಿ ಮನಿಗೆ ಹೋಗಿ ಹೇಳೂಣು ಅಂತ ಇದ್ದೆ. ಹತ್ತು ನಿಮಿಷದಾಗ ಚಹಾ ಕುಡೀರಿ, ಬ್ಯಾಡ್ರಿ ಅನ್ನೂದ್ರಾಗ ಐದು ಹೋಗತಾವ. ಕಾಗದ ಛಲೋ. ಮರಾಠ್ಯಾಗ ಬರೀಬೇಕು, ಅದಕ್ಕ ಮೊದಲ ಇಲ್ಲೇ ಕನ್ನಡದಾಗ ಬರದು ನೋಡತೀನಿ. ಪ್ರಾಚಿ ಸಂಜೀಕ ತವರಮನಿಗೆ ಹೊಂಟಾಳ, ಮಷೀನ ಕಾಗದ ಎರಡೂ ಕಳಸತೀನಿ.

ಸಾವಿತ್ರಿಬಾಯಿ,

ಮಕ್ಕಳ ಲಗ್ನದಾಗ ನಾ ನಿಮ್ಮ ಮ್ಯಾಲ ಹಾಡಿದ್ದು ನೀವು ಛಲೋ ಪದ ಅಂತ ತಿಳಕೊಂಡೀರಿ. ಅದು ಛಲೋ ಪದ ಅಲ್ಲ. ಅದರ ಅರ್ಥ ಒಂದೊಂದು ಸಾಲಿಂದೂ ಕೆಳಗ ಬರದೀನಿ, ಮುಚ್ಚಿಟ್ಟಿಲ್ಲ. ಸೀರಿದೂ ಅದ, ಡಬ್ಬಿದೂ ಅದ. ಪೂರಾ ಓದ್ರಿ. ನೀವು ಚಪ್ಪಾಳಿ ಹೊಡದದ್ದು ನನ್ನ ಕಣ್ಣಾಗಿಂದ ಹೋಗವಲ್ಲದು.

ನಮ್ಮಲ್ಲಿ ಬೀಗರ ಪದಕ್ಕ ಬೀಗರು ಅಲ್ಲೇ ನಿಂತು ಉತ್ತರ ಹಾಡತಾರ. ನಿಮಗ ತಿಳೀಲಿಲ್ಲ, ಅದಕ್ಕ ಹಾಡಲಿಲ್ಲ. ಅದು ನಿಮ್ಮ ತಪ್ಪಲ್ಲ, ತಿಳೀಬಾರದು ಅಂತನ ನಾ ಹಾಡಿದ್ದು. ನೀವು ಬೀಸೂವಾಗ ಓವಿ ಹಾಡತಿದ್ರಂತ ಪ್ರಾಚಿ ಹೇಳ್ಯಾಳ. ಮರಾಠ್ಯಾಗ ಕಟ್ಟರಿ. ನನ್ನ ದನಿ ಹೋಗೇದ, ಅದರ ಮ್ಯಾಲ ಹಾಡ್ರಿ. ನನ್ನ ಸಿಟ್ಟಿನ ಮ್ಯಾಲ ಹಾಡ್ರಿ, ನಾ ಸಾಲಿ ಕಲೀದಾಕಿ ಅಂತ ಹಾಡ್ರಿ. ನಮ್ಮನಿಯವರ ಕಿವಿ ಬ್ಯಾಡ, ಅದರ ಮ್ಯಾಲ ಭಾಳ ಮಂದಿ ಹಾಡ್ಯಾರ. ಕೈ ಹಿಡದು ಹಾಡಬ್ಯಾಡ್ರಿ. ಈ ಮಷೀನ ಪೂರಾ ಖಾಲಿ ಅದ. ಮೊದಲನೇ ಪದ ನಿಮ್ಮದು, ಅಲ್ಲಿ ತನಕ ಯಾರದೂ ಹಾಕೂದಿಲ್ಲ.

ಐದನೇ ತಾರೀಖಿಗೆ ನೀರಜಾನ ಲಗ್ನ. ನೀವು ಎಲ್ಲಾರ ಮುಂದ ನಿಂತು ನನ್ನ ಮ್ಯಾಲ ಹಾಡಬೇಕು, ಆಮ್ಯಾಲ ಪ್ರಾಚಿ ಸೋಬಾನ ಹಿಡೀತಾಳ. ನಿಮಗ ಮನಸ್ಸಿಲ್ಲದಿದ್ರ ಅಕಿನೂ ಹಾಡೂದಿಲ್ಲ, ಡಿಜೆ ಬರತದ, ನಾ ಯಾರಿಗೂ ಏನೂ ಅನ್ನೂದಿಲ್ಲ. ಆದ್ರ ಸುಮ್ಮ ಕೂಡಬ್ಯಾಡ್ರಿ. ಪದ ಕಟ್ಟತೀರೋ ಇಲ್ಲೋ, ಎರಡರಾಗ ಒಂದು, ನವೆಂಬರ್ ಮೂವತ್ತು ರವಿವಾರ ಸಂಜೀ ಒಳಗ ನನಗ ತಿಳಿಸ್ರಿ.